ಚಿತ್ರ ಅರ್ಧಕ್ಕೆ ಬಂದಾಗ ಮನಸ್ಸು ಕುಸಿಯುವುದೇಕೆ?

ಕಾರವಾರದಲ್ಲಿ ಚಿತ್ರ ಕಲಿಯಲು ಬರುವವರಿಗೆಲ್ಲ ಮೊದಲು ಬೇಕಾಗುವುದು ಸಮುದ್ರ. ಸೂರ್ಯಾಸ್ತ, ದೋಣಿ, ತೆಂಗಿನ ಸಾಲು. ನಾನು ಮೇಜಿನ ಮೇಲೆ ಒಂದು ತಾಮ್ರದ ತಂಬಿಗೆ, ನಾಲ್ಕು ಕುಮಟಾ ಈರುಳ್ಳಿ, ಒಂದು ಹಳೇ ಪಂಜಿ ಬಟ್ಟೆ ಇಟ್ಟರೆ ಅವರ ಮುಖ ಸಣ್ಣದಾಗುತ್ತದೆ. 'ಅಕ್ಕೋರೇ, ಇದ್ರಲ್ಲಿ ಬಿಡಿಸೋದು ಏನಿದೆ?' ಅನ್ನುತ್ತಾರೆ. ಸ್ವಲ್ಪ ದಿನದಲ್ಲಿ ಅದೇ ತಂಬಿಗೆ ಅವರ ನಿದ್ದೆ ಕೆಡಿಸುತ್ತದೆ.

ಹೀಗೆ ಅಲುಗಾಡದ ವಸ್ತುಗಳನ್ನು ಎದುರಿಗಿಟ್ಟು ಬಿಡಿಸುವ ಸ್ಟಿಲ್ ಲೈಫ್ ಅಂದರೆ ಕೈ ಪಳಗಿಸುವ ಒಣ ಅಭ್ಯಾಸ ಎಂದು ತುಂಬಾ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮನಸ್ಸಿನ ಏರಿಳಿತ ಜಾಸ್ತಿ ಇರುವುದು ಇಲ್ಲಿಯೇ. ಸಮುದ್ರ ಕೆಟ್ಟರೆ ಅಲೆ ನಿಲ್ಲಲಿಲ್ಲ ಎನ್ನಬಹುದು. ಮುಖ ಕೆಟ್ಟರೆ ಕೂತವರು ಅಲುಗಾಡಿದರು ಎನ್ನಬಹುದು. ತಂಬಿಗೆ ಮಾತ್ರ ಇಟ್ಟಲ್ಲೇ ಇದೆ. ಹಾಗಾಗಿ ತಪ್ಪೆಲ್ಲ ತನ್ನದೇ, ತನಗೆ ಕೈಯೇ ಇಲ್ಲ ಎಂದು ಕಲಿಯುವವರು ತೀರ್ಮಾನ ಮಾಡಿಬಿಡುತ್ತಾರೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕೂತಿರುವ ತಂಬಿಗೆಯ ಸುತ್ತ ಬೆಳಕು, ಬಣ್ಣ, ನೋಡುವ ಕಣ್ಣು ಎಲ್ಲವೂ ಬದಲಾಗುತ್ತಿರುತ್ತವೆ. ಅರ್ಧ ದುಃಖಕ್ಕೆ ಕಾರಣ ಅಲ್ಲಿದೆ.

ಮೊದಲ ದಿನ ಸಂತೋಷ ಇರುತ್ತದೆ. ವಸ್ತು ಆರಿಸುವುದು, ಸರಿಸುವುದು, ಹಿಂದೆ ಬಟ್ಟೆ ಹಾಕಿ ನೋಡುವುದು. ಎರಡು ಮೂರು ದೊಡ್ಡ ಬಣ್ಣ ಕ್ಯಾನ್ವಾಸ್ ಮೇಲೆ ಬಿದ್ದಾಗ ಎಲ್ಲವೂ ಚೆಂದ ಕಾಣುತ್ತದೆ, ಯಾಕೆಂದರೆ ಉಳಿದದ್ದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಕೆಲಸ ಮುಂದುವರಿದಂತೆ ಆ ಖಾಲಿ ಜಾಗಗಳು ನಿಜವಾದ ಬಣ್ಣದಿಂದ ತುಂಬುತ್ತವೆ. ಒಂದು ಮೂಲೆ ಮುಗಿದಿರುತ್ತದೆ, ಪಕ್ಕದ್ದು ಹಸಿಹಸಿ ಇರುತ್ತದೆ. ಮುಗಿದ ಮೂಲೆಗೆ ಹೋಲಿಸಿದರೆ ಉಳಿದದ್ದೆಲ್ಲ ಕೆಟ್ಟದಾಗಿಯೇ ಕಾಣಬೇಕು. ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲಿ.

ಇಲ್ಲಿ ಕಣ್ಣಿನ ಪಾತ್ರ ದೊಡ್ಡದು. ಒಂದು ಕೆಂಪು ಹಣ್ಣನ್ನು ಅರ್ಧ ನಿಮಿಷ ಎವೆಯಿಕ್ಕದೆ ನೋಡಿ, ಆಮೇಲೆ ಬಿಳಿ ಗೋಡೆ ನೋಡಿ. ಹಸಿರು ನೀಲಿ ಬಣ್ಣದ ಒಂದು ಮಚ್ಚೆ ತೇಲುತ್ತದೆ. ಕೆಂಪನ್ನು ಗುರುತಿಸುವ ಕೋಶಗಳು ದಣಿದಿವೆ ಎಂದು ಅದರ ಅರ್ಥ. ಗಂಟೆಗಟ್ಟಲೆ ಅದೇ ಹಣ್ಣನ್ನು ನೋಡುತ್ತಾ ಕೂತವರಿಗೆ ಕೆಂಪು ಮಂಕಾಗುತ್ತಾ ಹೋಗುತ್ತದೆ. ಅವರು ಇನ್ನಷ್ಟು ಕೆಂಪು ಹಚ್ಚುತ್ತಾರೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಚಿತ್ರ ಕಿರುಚುತ್ತಿರುತ್ತದೆ. ಆಗ ಅಳು ಬರುವುದು ಸಹಜ, ಆದರೆ ಅದು ಪ್ರತಿಭೆಯ ಪ್ರಶ್ನೆ ಅಲ್ಲವೇ ಅಲ್ಲ. ಆಗಾಗ ಎದ್ದು ಅಂಗಳಕ್ಕೆ ಹೋಗಿ ದೂರ ನೋಡಬೇಕು. ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕು. ಲಿಯೊನಾರ್ಡೊ ಡಾ ವಿಂಚಿಯೂ ಕಲಾವಿದರಿಗೆ ಹೇಳಿದ್ದು ಇದನ್ನೇ. ಎಡಬಲ ತಿರುಗಿದ ಕೂಡಲೇ ಅದು ಬೇರೆಯವರ ಚಿತ್ರದಂತೆ ಕಾಣುತ್ತದೆ. ಸೊಟ್ಟಗಿರುವ ತಂಬಿಗೆಯ ಬಾಯಿ ಎದ್ದು ಕಾಣುತ್ತದೆ, ಚೆನ್ನಾಗಿ ಬಂದದ್ದೂ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಪುಸ್ತಕಗಳನ್ನು ನಂಬಿ ಕೆಡುವವರು ಬಹಳ. ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ತರಹ ಇರುತ್ತದೆ ಎಂದು ಅವುಗಳಲ್ಲಿ ಬರೆದಿರುತ್ತದೆ. ಅದು ಯುರೋಪಿನ ಮಾತು. ಕಾರವಾರ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಂತೂ ಉತ್ತರದ ಕಿಟಕಿಯಿಂದ ನೇರ ಒಳಗೆ ಬರುತ್ತದೆ. ನೆರಳು ಓಡುತ್ತದೆ, ಅದರ ಹಿಂದೆ ಕುಂಚವೂ ಓಡುತ್ತದೆ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ದಿನಾ ಒಂದೇ ಹೊತ್ತಿಗೆ ಕೂತು, ಆ ಹೊತ್ತು ಮುಗಿದ ಕೂಡಲೇ ಏಳಿ.

ಮಳೆಗಾಲದ ಕಷ್ಟ ಬೇರೆ. ಅಗಸೆ ಎಣ್ಣೆಯ ಬಣ್ಣ ಆರುವುದು ನೀರಿನ ಹಾಗೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಮ್ಮ ಜುಲೈ ತಿಂಗಳ ತೇವ, ಕತ್ತಲಲ್ಲಿ ಇದು ನಿಧಾನ. ಮ್ಯಾಂಗನೀಸ್ ಇರುವ ಅಂಬರ್ ಎಂಬ ಕಂದು ಬಣ್ಣ ಬೇಗ ಆರುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ಸತಾಯಿಸುತ್ತದೆ. ಆರದ ಕಪ್ಪಿನ ಮೇಲೆ ಹಳದಿ ಇಟ್ಟರೆ ಕೆಸರು ಹಸಿರು. ಜಲವರ್ಣದವರ ಪಾಡೂ ಅಷ್ಟೇ. ಕಾಗದಕ್ಕೆ ಬೂಷ್ಟು ಹತ್ತಿ ಅದಕ್ಕೆ ಸವರಿದ ಅಂಟು ಹೋದರೆ ಬಣ್ಣ ಇಂಗುಕಾಗದದ ಮೇಲೆ ಬಿದ್ದಂತೆ ಹರಡುತ್ತದೆ. ಜೊತೆಗೆ ಜಲವರ್ಣ ಆರಿದ ಮೇಲೆ ತಿಳಿಯಾಗುತ್ತದೆ, ಅಕ್ರಿಲಿಕ್ ಗಾಢವಾಗುತ್ತದೆ. ಸಂಜೆ ಸರಿ ಇದ್ದದ್ದು ಬೆಳಿಗ್ಗೆ ಬೇರೆಯಾಗುವುದು ಹೀಗೆ.

ಹಣ್ಣು, ಹೂವು, ಮೀನಿನ ದುಃಖ ಮಾತ್ರ ನಿಜವಾದದ್ದು. ಅದಕ್ಕೆ ರಿಪೇರಿ ಇಲ್ಲ. ಅಂಕೋಲೆಯ ಕರಿ ಇಶಾಡು ಮಾವಿನಹಣ್ಣು ತಂದಿಟ್ಟರೆ ನಿನ್ನೆಯ ಬಣ್ಣ ಇವತ್ತು ಇರುವುದಿಲ್ಲ. ಬಂಗಡೆ ಇನ್ನೂ ಅವಸರದ್ದು. ಬೆನ್ನಿನ ನೀಲಿ ಹಸಿರು ಹೊಳಪು ಮಂಜುಗಡ್ಡೆಯಿಂದ ತೆಗೆದ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. 1888ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಆರ್ಲ್ ಊರಲ್ಲಿ ಸೂರ್ಯಕಾಂತಿ ಬಿಡಿಸುತ್ತಿದ್ದ ಚಿತ್ರಕಾರ ವ್ಯಾನ್ ಗೋ, ಹೂ ಬೇಗ ಬಾಡುತ್ತವೆ, ಅದಕ್ಕೇ ಸೂರ್ಯ ಹುಟ್ಟುವಾಗಲೇ ಕೂರುತ್ತೇನೆ ಎಂದು ತಮ್ಮನಿಗೆ ಬರೆದಿದ್ದ. ನಿಧಾನವಾಗಿ ಬಿಡಿಸುತ್ತಿದ್ದ ಫ್ರೆಂಚ್ ಚಿತ್ರಕಾರ ಸೆಜಾನ್ ಕಾಗದದ ಹೂಗಳನ್ನು ಇಟ್ಟುಕೊಳ್ಳುತ್ತಿದ್ದ. ಎರಡೂ ದಾರಿ ಸರಿ. ಮೀನನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸಿ, ಇಲ್ಲವೇ ಬಣ್ಣದ ಚಿಕ್ಕ ಟಿಪ್ಪಣಿ ಮಾಡಿಟ್ಟು ಆಮೇಲೆ ದೊಡ್ಡದು ಮಾಡಿ. ಫ್ರೆಂಚ್ ಚಿತ್ರಕಾರ ಶಾರ್ಡಾನ್ 1728ರಲ್ಲಿ ಪ್ಯಾರಿಸ್ಸಿನ ಕಲಾ ಅಕಾಡೆಮಿಯ ಬಾಗಿಲು ದಾಟಿದ್ದು ಹೊಟ್ಟೆ ಸೀಳಿದ ತೊರಕೆ ಮೀನಿನ ಚಿತ್ರ ಇಟ್ಟುಕೊಂಡು. ಅಡುಗೆಮನೆಯ ವಸ್ತುವನ್ನು ಕಲೆಯ ಕೊನೆ ಮೆಟ್ಟಿಲಲ್ಲಿ ಇಟ್ಟಿದ್ದ ಕಾಲ ಅದು. ಮೀನುಪೇಟೆ ಪಕ್ಕದಲ್ಲೇ ಇರುವ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನಗೆ ಬಹಳ ಆಸೆ.

ಇನ್ನೊಂದು ನೋವು ಇದೆ. ಶಿರಸಿ ಕಡೆಯ ಮಕ್ಕಳು ಕೆಲವೊಮ್ಮೆ ತೀರಿಹೋದ ಅಜ್ಜಿಯ ಅಡಕತ್ತರಿ, ಕವಳದ (ಎಲೆ ಅಡಿಕೆಯ) ಬಟ್ಟಲು ತರುತ್ತಾರೆ. ಚಿತ್ರ ಚೆನ್ನಾಗಿಯೇ ಬಂದಿರುತ್ತದೆ, ಆದರೂ ಅವರಿಗೆ ಸಮಾಧಾನ ಇರುವುದಿಲ್ಲ. ಅವರು ಹುಡುಕುತ್ತಿರುವುದು ಅಡಕತ್ತರಿಯ ಆಕಾರವನ್ನಲ್ಲ, ಅಲ್ವಾ? ಅಲ್ಲಿ ನೆರಳು, ಅನುಪಾತ ಎಂದು ತಿದ್ದಲು ಹೋಗಬಾರದು. ಅಜ್ಜಿ ಹೇಗೆ ಕವಳ ಹಾಕುತ್ತಿದ್ದರು ಎಂದು ಕೇಳಿ, ಹೇಳಲು ಬಿಡುತ್ತೇನೆ. ಪಾಠ ನಾಳೆಗೂ ಆದೀತು. ಆದರೆ ಕಲಿಯುವ ಮೊದಲ ವರ್ಷದಲ್ಲಿ ಇಂಥ ವಸ್ತು ಬೇಡ ಎಂದೇ ನನ್ನ ಸಲಹೆ.

ಚಿತ್ರ ಮುಗಿದ ಮೇಲೆ ಕೆಲವರಿಗೆ ಮನಸ್ಸು ಖಾಲಿ ಖಾಲಿ ಎನಿಸುತ್ತದೆ. ಆಗ ಚಿತ್ರವನ್ನು ಒಂದು ವಾರ ಗೋಡೆಗೆ ಮುಖ ಮಾಡಿ ಇಡಿ. ಮೇಜನ್ನು ಮಾತ್ರ ಪೂರ್ತಿ ಖಾಲಿ ಮಾಡಬೇಡಿ. ಈರುಳ್ಳಿ ಅಡುಗೆಗೆ ಹೋಗಲಿ, ತಂಬಿಗೆ ಅಲ್ಲೇ ಇರಲಿ. ಅದರ ಪಕ್ಕಕ್ಕೆ ಬೇರೇನಾದರೂ ಇಟ್ಟು, ಮರುದಿನವೇ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಸ್ಕೆಚ್ ಮಾಡಿ.