ಶ್ಯಾಡೋಯಿಂಗ್: ಹೆಸರಿಗೆ ಹಿಡಿಯುವ ಗ್ರಹಣ

ಸೂರ್ಯಗ್ರಹಣದ ಹೊತ್ತಿನಲ್ಲಿ ಸೂರ್ಯ ಎಲ್ಲಿಗೂ ಹೋಗಿರುವುದಿಲ್ಲ. ಚಂದ್ರ ಅಡ್ಡ ಬಂದಿರುತ್ತಾನೆ, ಅಷ್ಟೇ. ಪ್ರೋಗ್ರಾಮಿನಲ್ಲಿ ಹೆಸರುಗಳಿಗೂ ಹೀಗೆ ಗ್ರಹಣ ಹಿಡಿಯುತ್ತದೆ. ಒಂದು ಹೆಸರಿಗೆ ಆಗಲೇ ಒಂದು ಅರ್ಥ ಇರುತ್ತದೆ. ಅದೇ ಹೆಸರಿನಲ್ಲಿ ನಾವು ಹೊಸ ವೇರಿಯಬಲ್ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು) ಮಾಡುತ್ತೇವೆ. ಹಳೆಯದು ಅಳಿಸಿಹೋಗುವುದಿಲ್ಲ, ಆದರೆ ಆ ಹೆಸರು ಹಿಡಿದು ಕರೆದರೆ ಓಗೊಡುವುದು ಹೊಸದು. ಇದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ. ಕನ್ನಡದ ‘ಮರೆ’ ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಡ್ಡ ನಿಲ್ಲುವುದೂ ಮರೆ, ನೆನಪು ತಪ್ಪುವುದೂ ಮರೆ. ಇಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ: ಹೆಸರು ಮರೆಗೆ ಸರಿಯುತ್ತದೆ, ಸರಿದದ್ದನ್ನು ನಾವು ಮರೆಯುತ್ತೇವೆ.

ಯಾವ ಕೋಡ್‌ನಲ್ಲಾದರೂ ಇದು ಆಗಬಹುದು. ಆದರೆ ಧ್ವನಿ, ಎದೆಬಡಿತದಂಥ ಅಲೆಗಳನ್ನು ಲೆಕ್ಕಕ್ಕೆ ಒಳಪಡಿಸುವ ಸಿಗ್ನಲ್ ಪ್ರೊಸೆಸಿಂಗ್ ಕೋಡ್‌ನಲ್ಲಿ ಕಾಟ ಜಾಸ್ತಿ. ಅಲ್ಲಿ ಗಣಿತದ ಒಂದಕ್ಷರದ ಹೆಸರುಗಳೂ ಪ್ರೋಗ್ರಾಮಿನ ಒಂದಕ್ಷರದ ಹೆಸರುಗಳೂ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಅಕ್ಷರ ಇಂಗ್ಲಿಷಿನ ‘ಐ’.

ಮೈನಸ್ ಒಂದರ ವರ್ಗಮೂಲಕ್ಕೆ ಐ ಎಂದು ಬರೆದವರು ಆಯ್ಲರ್, 1777ರಲ್ಲಿ. ಎಲೆಕ್ಟ್ರಿಕಲ್ ಎಂಜಿನಿಯರ್‌ಗಳಿಗೆ ಕರೆಂಟ್ ಕೂಡ ಐ. ಹಾಗಾಗಿ ಅವರು ವರ್ಗಮೂಲಕ್ಕೆ ‘ಜೆ’ ಇಟ್ಟುಕೊಂಡರು. ಇನ್ನೊಂದು ಕಡೆ, ಸಾಲಾಗಿ ಎಣಿಸುವುದಕ್ಕೂ ಗಣಿತದಲ್ಲಿ ಐ, ಜೆಗಳೇ ರೂಢಿ. 1957ರಲ್ಲಿ ಬಂದ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್ ಈ ರೂಢಿಯನ್ನು ನಿಯಮವನ್ನಾಗಿ ಮಾಡಿತು. ಐ ಇಂದ ಎನ್ ವರೆಗಿನ ಅಕ್ಷರದಲ್ಲಿ ಶುರುವಾಗುವ ವೇರಿಯಬಲ್ ಅಂದರೆ ಅದು ಪೂರ್ಣಾಂಕ. ಇವತ್ತಿಗೂ ಲೂಪ್ (ಒಂದೇ ಕೆಲಸವನ್ನು ಎಣಿಸಿ ಎಣಿಸಿ ಮಾಡಿಸುವ ಕೋಡ್) ಬರೆಯಲು ಕೂತರೆ ಬೆರಳು ತಾನಾಗಿ ಐ ಒತ್ತುತ್ತದೆ, ಅಲ್ವಾ?

ಮ್ಯಾಟ್‌ಲ್ಯಾಬ್‌ನಲ್ಲಿ (ಎಂಜಿನಿಯರ್‌ಗಳು ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಐ ಮತ್ತು ಜೆ ಎರಡಕ್ಕೂ ಮೊದಲಿನಿಂದಲೇ ಮೈನಸ್ ಒಂದರ ವರ್ಗಮೂಲ ಎಂಬ ಅರ್ಥ ಇದೆ. ಆದರೆ ಅವು ಮೀಸಲು ಪದಗಳಲ್ಲ. ಯಾರು ಬೇಕಾದರೂ ಅವುಗಳಿಗೆ ಬೇರೆ ಬೆಲೆ ಕೊಡಬಹುದು. ಈಗ ಒಂದು ಸ್ಕ್ರಿಪ್ಟ್ ನೋಡೋಣ. ಮೇಲೆ 8 ಚಾನೆಲ್‌ಗಳ ಡೇಟಾ ಓದುವ ಲೂಪ್ ಇದೆ. ಲೂಪ್‌ನ ವೇರಿಯಬಲ್ ಐ. ಲೂಪ್ ಮುಗಿದ ಮೇಲೂ ಐ ಉಳಿಯುತ್ತದೆ, ಅದರ ಬೆಲೆ 8. ಐವತ್ತು ಸಾಲು ಕೆಳಗೆ ಬೇಕಾದ ಕೆಲವು ಫ್ರೀಕ್ವೆನ್ಸಿಗಳಿಗಷ್ಟೇ ಫೂರಿಯರ್ ಲೆಕ್ಕವನ್ನು (ಸಿಗ್ನಲ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತಿಳಿಯುವ ಲೆಕ್ಕ) ಕೈಯಲ್ಲೇ ಬರೆದಿದ್ದಾರೆ: ‘ಇ’ಯ ತಲೆಯ ಮೇಲೆ ಮೈನಸ್ ಐ ಗುಣಿಸು 2 ಪೈ ಎಫ್ ಟಿ. ಸೂತ್ರ ಪುಸ್ತಕದಲ್ಲಿದ್ದಂತೆಯೇ ಇದೆ. ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ.

ಅಂಕಿ ಹಾಕಿ ನೋಡಿ. ಫ್ರೀಕ್ವೆನ್ಸಿ 50 ಹರ್ಟ್ಸ್, ಸಮಯ ಒಂದು ಮಿಲಿಸೆಕೆಂಡ್. 2 ಪೈ ಎಫ್ ಟಿ ಅಂದರೆ ಸುಮಾರು 0.314. ಐ ಸರಿಯಾಗಿದ್ದರೆ ಬರುವ ಉತ್ತರ ಒಂದು ಕಾಂಪ್ಲೆಕ್ಸ್ ಸಂಖ್ಯೆ. ಅದರ ಒಂದು ಭಾಗ 0.951, ಇನ್ನೊಂದು ಭಾಗ ಮೈನಸ್ 0.309. ಸಮಯ ಮುಂದೆ ಹೋದ ಹಾಗೆ ಅದು ವೃತ್ತದ ಮೇಲೆ ಸುತ್ತುತ್ತದೆ, ಉದ್ದ ಯಾವಾಗಲೂ 1. ಐ ಬೆಲೆ 8 ಆಗಿದ್ದರೆ ಬರುವುದು ಬರೀ 0.081. ಮುಂದಿನ ಮಿಲಿಸೆಕೆಂಡಿಗೆ ಇನ್ನೂ ಚಿಕ್ಕದು. ಸುತ್ತಬೇಕಾದದ್ದು ಕರಗಿ ಸೊನ್ನೆಯಾಗುತ್ತದೆ.

ಎರರ್ ಬರುವುದಿಲ್ಲ. ಕಂಪ್ಯೂಟರಿಗೆ ಎರಡೂ ಸರಿಯಾದ ಲೆಕ್ಕವೇ. ನಾವೋ ಕೊನೆಗೆ ಮ್ಯಾಗ್ನಿಟ್ಯೂಡ್, ಅಂದರೆ ಉದ್ದ ಮಾತ್ರ ತೆಗೆದು ಗ್ರಾಫ್ ಹಾಕುತ್ತೇವೆ, ಹಾಗಾಗಿ ಕಾಂಪ್ಲೆಕ್ಸ್ ಭಾಗ ಕಾಣೆಯಾದದ್ದೂ ಗೊತ್ತಾಗುವುದಿಲ್ಲ. ಗ್ರಾಫ್‌ನಲ್ಲಿ ಫ್ರೀಕ್ವೆನ್ಸಿ ಏರಿದಂತೆ ನುಣುಪಾಗಿ ಇಳಿಯುವ ಒಂದು ಗೆರೆ ಬರುತ್ತದೆ. ನನ್ನನ್ನು ಹೆದರಿಸುವುದು ಇದೇ. ಎಷ್ಟೋ ನಿಜವಾದ ಸಿಗ್ನಲ್‌ಗಳ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂಬ ಗ್ರಾಫ್) ಕೂಡ ಹೀಗೇ ಇಳಿಯುತ್ತದೆ. ತಪ್ಪು ಉತ್ತರ ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅದನ್ನು ನಂಬಿ ಇನ್ನೊಬ್ಬರು ಮುಂದಿನ ಲೆಕ್ಕ ಮಾಡುತ್ತಾರೆ.

ಇದಕ್ಕೆ ಮದ್ದು ಸುಲಭ. ಮ್ಯಾಟ್‌ಲ್ಯಾಬ್‌ನಲ್ಲಿ ‘1ಐ’ ಅಥವಾ ‘1ಜೆ’ ಎಂದು ಬರೆಯಿರಿ. ಅದು ಹೆಸರಲ್ಲ, ಸಂಖ್ಯೆ. ಸಂಖ್ಯೆಗೆ ಗ್ರಹಣ ಹಿಡಿಯುವುದಿಲ್ಲ. ಪೈಥಾನ್ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಅಲ್ಲಿ ‘1ಜೆ’ ಎಂದೇ ಬರೆಯಬೇಕು, ಸುಮ್ನೆ ‘ಜೆ’ ಅಂದರೆ ಅದಕ್ಕೆ ತಾನಾಗಿ ಯಾವ ಅರ್ಥವೂ ಇಲ್ಲ.

ಹಾಗಂತ ಪೈಥಾನ್‌ನಲ್ಲಿ ಗ್ರಹಣವೇ ಇಲ್ಲ ಅಂತಲ್ಲ. ಸೈಪೈ ಎಂಬ ಗಣಿತ ಲೈಬ್ರರಿಯಿಂದ ‘ಸಿಗ್ನಲ್’ ಎಂಬ ಮಾಡ್ಯೂಲ್ ಇಂಪೋರ್ಟ್ ಮಾಡುತ್ತಾರೆ. ಮುಂದಿನ ಸಾಲಿನಲ್ಲಿ ಫೈಲಿನಿಂದ ಓದಿದ ಡೇಟಾಕ್ಕೂ ‘ಸಿಗ್ನಲ್’ ಎಂದೇ ಹೆಸರಿಡುತ್ತಾರೆ, ಅದು ಸಿಗ್ನಲ್ಲೇ ತಾನೇ! ಆಮೇಲೆ ಬೇಡದ ಫ್ರೀಕ್ವೆನ್ಸಿ ತೆಗೆಯುವ ಫಿಲ್ಟರ್‌ಗಾಗಿ ಮಾಡ್ಯೂಲ್‌ನ ‘ಬಟರ್’ ಫಂಕ್ಷನ್ ಕರೆದರೆ, ಈ ಅರೇಗೆ (ಸಂಖ್ಯೆಗಳ ಸಾಲಿಗೆ) ‘ಬಟರ್’ ಎಂಬುದೇ ಇಲ್ಲ ಎಂದು ಎರರ್ ಬರುತ್ತದೆ. ಇದು ಒಳ್ಳೆಯ ಬಗ್. ಕೂಗಿ ಹೇಳುತ್ತದೆ, ಎರಡು ನಿಮಿಷದಲ್ಲಿ ಸಿಗುತ್ತದೆ.

ಕೂಡುವ ಫಂಕ್ಷನ್ ‘ಸಮ್’ ಹಾಗಲ್ಲ. ಪೈಥಾನ್‌ಗೆ ತನ್ನದೇ ಒಂದು ಸಮ್ ಇದೆ, ನಂಪೈ ಎಂಬ ಲೈಬ್ರರಿಗೂ ಒಂದಿದೆ. 0ಯಿಂದ 4ರವರೆಗಿನ ಸಂಖ್ಯೆಗಳನ್ನು ಕೊಟ್ಟು, ಜೊತೆಗೆ ಎರಡನೇ ಆರ್ಗ್ಯುಮೆಂಟಾಗಿ ಮೈನಸ್ 1 ಕೊಡಿ. ಪೈಥಾನ್‌ನ ಸಮ್‌ಗೆ ಆ ಮೈನಸ್ 1 ಕೂಡಲು ಶುರುಮಾಡುವ ಸಂಖ್ಯೆ. ಉತ್ತರ 9. ನಂಪೈನ ಸಮ್‌ಗೆ ಅದು ಯಾವ ದಿಕ್ಕಿನಲ್ಲಿ ಕೂಡಬೇಕು ಎಂಬ ಸೂಚನೆ. ಉತ್ತರ 10. ಮೇಲಿನ ಒಂದು ಇಂಪೋರ್ಟ್ ಸಾಲು ಬದಲಾದರೆ ಕೆಳಗಿನ ಉತ್ತರ ಸದ್ದಿಲ್ಲದೆ ಬದಲಾಗುತ್ತದೆ.

ಮ್ಯಾಟ್‌ಲ್ಯಾಬ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಫಂಕ್ಷನ್ ಕರೆಯುವುದಕ್ಕೂ ಅರೇಯ ಒಳಗಿನ ಅಂಶ ತೆಗೆಯುವುದಕ್ಕೂ ಒಂದೇ ಆವರಣ ಚಿಹ್ನೆ. ಸರಾಸರಿ ಕೊಡುವ ಫಂಕ್ಷನ್‌ನ ಹೆಸರು ‘ಮೀನ್’. ಅದೇ ಹೆಸರಿನ ವೇರಿಯಬಲ್‌ಗೆ ಮೀನ್ ಫಂಕ್ಷನ್‌ನ ಉತ್ತರವನ್ನು ತುಂಬಿದರೆ ಮೊದಲ ಸಲ ಸ್ಕ್ರಿಪ್ಟ್ ಸರಿಯಾಗಿ ಓಡುತ್ತದೆ. ಎರಡನೇ ಸಲ ಓಡಿಸಿದರೆ ಕೈಕೊಡುತ್ತದೆ, ಯಾಕೆಂದರೆ ಈಗ ಮೀನ್ ಅಂದರೆ ಫಂಕ್ಷನ್ ಅಲ್ಲ, ವರ್ಕ್‌ಸ್ಪೇಸ್‌ನಲ್ಲಿ ಉಳಿದ ಒಂದು ಸಂಖ್ಯೆ. ಒಂದು ಅಕ್ಷರವೂ ಬದಲಾಗದ ಕೋಡ್ ಯಾಕೆ ಕೆಟ್ಟಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ‘ವಿಚ್ ಮೀನ್’ ಎಂದು ಟೈಪ್ ಮಾಡಿ. ಅದು ವೇರಿಯಬಲ್ ಎಂದು ಮ್ಯಾಟ್‌ಲ್ಯಾಬ್ ತಾನೇ ಹೇಳುತ್ತದೆ.

ಸಿ ಭಾಷೆಯಲ್ಲಿ ಫಿಲ್ಟರ್ ಬರೆಯುವವರು ‘ವೈ1’ ಎಂಬ ಹೆಸರಿಗೆ ಎಡವುತ್ತಾರೆ. ಹಿಂದಿನ ಔಟ್‌ಪುಟ್‌ಗೆ ಅದಕ್ಕಿಂತ ಸಹಜ ಹೆಸರಿಲ್ಲ. ಆದರೆ ಯೂನಿಕ್ಸ್ ಕಡೆಯ ಗಣಿತ ಲೈಬ್ರರಿಯಲ್ಲಿ ವೈ1 ಅಂದರೆ ಬೆಸೆಲ್ ಫಂಕ್ಷನ್ ಎಂಬ ಗಣಿತದ ಫಂಕ್ಷನ್. ಜಿಸಿಸಿ ಕಂಪೈಲರ್‌ಗೆ ‘ಡಬ್ಲ್ಯೂ ಶ್ಯಾಡೋ’ ಎಂಬ ಎಚ್ಚರಿಕೆಯ ಆಯ್ಕೆ ಇದೆ. ಒಂದು ವೇರಿಯಬಲ್ ಇನ್ನೊಂದು ವೇರಿಯಬಲ್ಲಿಗೆ ಮರೆಯಾದರೆ ಅದು ಹೇಳುತ್ತದೆ. ಆದರೆ ಹಲವು ಎಚ್ಚರಿಕೆಗಳನ್ನು ಒಟ್ಟಿಗೆ ತರುವ ‘ಡಬ್ಲ್ಯೂ ಆಲ್’ ಹಾಕಿದರೂ ಇದು ಅದರೊಳಗೆ ಬರುವುದಿಲ್ಲ. ಬೇರೆಯಾಗಿ ಹಾಕಿಕೊಳ್ಳಬೇಕು.

ಇಷ್ಟು ಹೊತ್ತು ಹೇಳಿದ್ದು ಕಂಪ್ಯೂಟರಿನ ಒಳಗಿನ ಗ್ರಹಣ. ಓದುವವರ ತಲೆಯಲ್ಲೂ ಇಂಥದೇ ಒಂದು ಹಿಡಿಯುತ್ತದೆ. ನಿಘಂಟಿನ ಪ್ರಕಾರ ಇದು ಶ್ಯಾಡೋಯಿಂಗ್ ಅಲ್ಲ, ಆದರೆ ಅದರ ಒಡಹುಟ್ಟು. ‘ಎಫ್‌ಸಿ’ ಎಂಬ ವೇರಿಯಬಲ್ ನೋಡಿ. ಫಿಲ್ಟರ್‌ನ ಕಟಾಫ್ (ಎಲ್ಲಿಂದ ಮೇಲಿನ ಫ್ರೀಕ್ವೆನ್ಸಿಗಳನ್ನು ಕತ್ತರಿಸಬೇಕು ಎಂಬ ಗಡಿ) ಅಂತ ಗೊತ್ತು. ಹರ್ಟ್ಸ್‌ನಲ್ಲೋ? ಸೆಕೆಂಡಿಗೆ ರೇಡಿಯನ್‌ನಲ್ಲೋ? ಅಥವಾ 0ಯಿಂದ 1ರ ನಡುವಿನ ಅನುಪಾತವೋ? ಹೆಸರು ಹೇಳುವುದಿಲ್ಲ. ಬಟರ್ ಫಂಕ್ಷನ್‌ಗೆ ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಸಲ ಅಳೆದಿದ್ದಾರೆ ಎಂಬುದು) ಕೊಡದಿದ್ದರೆ ಅದು ಅನುಪಾತವನ್ನೇ ನಿರೀಕ್ಷಿಸುತ್ತದೆ, ಅದೂ ಸ್ಯಾಂಪ್ಲಿಂಗ್ ದರದ ಅರ್ಧಕ್ಕೆ.

ಇಸಿಜಿ (ಎದೆಬಡಿತದ ಸಿಗ್ನಲ್) ಕೆಲಸ ಮಾಡುವ ಅನೇಕರು ಬಳಸುವ ಎಂಐಟಿ-ಬಿಐಎಚ್ ಅರಿತ್ಮಿಯಾ ಡೇಟಾದಲ್ಲಿ ಸೆಕೆಂಡಿಗೆ 360 ಸ್ಯಾಂಪಲ್. 40 ಹರ್ಟ್ಸ್‌ಗೆ ಕಟಾಫ್ ಬೇಕಾದರೆ 40 ಭಾಗಿಸು 180, ಅಂದರೆ 0.222 ಕೊಡಬೇಕು. ‘ಎಫ್‌ಎಸ್’ ಎಂಬ ಸ್ಯಾಂಪ್ಲಿಂಗ್ ದರದ ಹೆಸರು ಕಣ್ಣೆದುರಿಗಿದೆ ಎಂದು ಅದರಿಂದಲೇ ಭಾಗಿಸಿದರೆ 0.111 ಆಗುತ್ತದೆ. ಫಿಲ್ಟರ್ ಒಪ್ಪಿಕೊಂಡು 20 ಹರ್ಟ್ಸ್‌ಗೇ ಕತ್ತರಿಸುತ್ತದೆ. ಎದೆಬಡಿತದ ಚೂಪು ಶಿಖರಗಳು ಸ್ವಲ್ಪ ಕುಗ್ಗಿ ದುಂಡಗಾಗುತ್ತವೆ. ನೋಡಲು ಇನ್ನೂ ಅಚ್ಚುಕಟ್ಟಾದ ಗೆರೆ! ಸೈಪೈ 1.2ರಿಂದ ಬಟರ್‌ಗೆ ಸ್ಯಾಂಪ್ಲಿಂಗ್ ದರವನ್ನು ನೇರವಾಗಿ ಕೊಡಬಹುದು. ಕೊಡಿ. ವೇರಿಯಬಲ್‌ಗೆ ‘ಕಟಾಫ್_ಹರ್ಟ್ಸ್’ ಎಂದು ಅಳತೆಯನ್ನೂ ಸೇರಿಸಿ ಹೆಸರಿಡಿ. ‘ಕಟಾಫ್_ಹರ್ಟ್ಸ್’ ಅನ್ನು ಭಾಗಿಸುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಎಲ್ಲ ಹೆಸರೂ ಉದ್ದವಿರಬೇಕು ಎಂದು ನಾನು ಹೇಳುವುದಿಲ್ಲ. ಹತ್ತು ಸಾಲಿನ ಫಂಕ್ಷನ್ ಒಳಗೆ ಒಂದು ಸೂತ್ರ ಬರೆಯುವಾಗ ಎನ್, ಕೆ, ಎಕ್ಸ್ ಚೆನ್ನಾಗಿಯೇ ಇರುತ್ತವೆ. ಪುಸ್ತಕದ ಪಕ್ಕ ಇಟ್ಟು ಹೋಲಿಸಲು ಅದೇ ಸುಲಭ. ಫಂಕ್ಷನ್ ಮುಗಿದ ಕೂಡಲೇ ಆ ಹೆಸರುಗಳೂ ಹೋಗುತ್ತವೆ. ತೊಂದರೆ ಬರುವುದು ಅವು ಉದ್ದನೆಯ ಸ್ಕ್ರಿಪ್ಟ್‌ನಲ್ಲಿ, ನೋಟ್‌ಬುಕ್‌ನ ಸೆಲ್‌ಗಳ ನಡುವೆ ಅಲೆದಾಡಿದಾಗ.

ಕೋಡ್‌ನಲ್ಲಿ ಗ್ರಹಣ ಹಿಡಿದಿದೆಯೋ ಎಂಬ ಅನುಮಾನ ಇದ್ದರೆ, ಉತ್ತರ ಮೊದಲೇ ಗೊತ್ತಿರುವ ಸಿಗ್ನಲ್ ಒಂದನ್ನು ಕೊಟ್ಟು ನೋಡಿ. ಸೆಕೆಂಡಿಗೆ 1000 ಸ್ಯಾಂಪಲ್, ಒಂದು ಸೆಕೆಂಡ್ ಉದ್ದ, 50 ಹರ್ಟ್ಸ್‌ನ ಶುದ್ಧ ಸೈನ್ ಅಲೆ. ಸ್ಪೆಕ್ಟ್ರಮ್‌ನಲ್ಲಿ 0ಯಿಂದ 500 ಹರ್ಟ್ಸ್ ವರೆಗೆ ನೋಡಿದರೆ 50ರ ಮೇಲೆ ಒಂದೇ ಒಂದು ಚೂಪು ಶಿಖರ ಎದ್ದು ನಿಲ್ಲಬೇಕು. ಪೈಥಾನ್‌ನ ಅರೇಯಲ್ಲಿ ಅದು ಇಂಡೆಕ್ಸ್ 50ರಲ್ಲಿ ಸಿಗುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಎಣಿಕೆ 1ರಿಂದ ಶುರುವಾಗುವುದರಿಂದ 51ರಲ್ಲಿ. ಐ ಬೆಲೆ 8 ಆಗಿದ್ದರೆ ಆ ಶಿಖರ ಎಲ್ಲೂ ಇರುವುದಿಲ್ಲ.