ಹುಟ್ಟು ಹಿಡಿದವನ ಕೈಗೆ ಕತ್ತಿ ಕೊಡಬಹುದೇ?

ನೌಕಾ ಇತಿಹಾಸದ ತರಗತಿಯಲ್ಲಿ ಹುಟ್ಟು ಹಾಕಿ ನಡೆಸುತ್ತಿದ್ದ ಗ್ಯಾಲಿ ಎಂಬ ಹಡಗಿನ ಪಾಠ ಬಂದಾಗ ನಾನು ವಿದ್ಯಾರ್ಥಿಗಳನ್ನು ಅಂಗಳಕ್ಕೆ ಕರೆದೊಯ್ದು, ಸುಣ್ಣದ ಪುಡಿಯಲ್ಲಿ 40 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿಯೊಂದನ್ನು ಎಳೆಯುತ್ತೇನೆ. ಹದಿನಾರನೆಯ ಶತಮಾನದ ಮೆಡಿಟರೇನಿಯನ್ ಯುದ್ಧ ಗ್ಯಾಲಿಯ ಒಡಲು ಹೆಚ್ಚುಕಡಿಮೆ ಅಷ್ಟೇ. ಎರಡೂ ಬದಿಗೆ ತಲಾ 24ರಷ್ಟು ಮಣೆಗಳು, ಮಣೆಗೆ ಮೂವರಂತೆ 150ರ ಆಸುಪಾಸು ಹುಟ್ಟುಗಾರರು, ಅವರಲ್ಲದೆ ನಾವಿಕರು, ತೋಪಿನವರು, ಸೈನಿಕರು. ಇಡೀ ತರಗತಿ ಆ ಗೆರೆಯೊಳಗೆ ಒತ್ತಾಗಿ ನಿಂತ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ಶತ್ರು ಹಡಗು ಬಂದು ತಾಗಿದಾಗ ಇವರಲ್ಲಿ ಎಷ್ಟು ಜನರ ಕೈಗೆ ಆಯುಧ ಕೊಡುತ್ತೀರಿ?

ಪ್ರಶ್ನೆ ಹುಡುಗಾಟದ್ದಲ್ಲ. ಗ್ಯಾಲಿಯ ದೊಡ್ಡ ತೋಪುಗಳು ಹಡಗಿನ ಮೂತಿಯಲ್ಲಿ ಮುಂದಕ್ಕೆ ಮುಖಮಾಡಿ ಕೂತಿರುತ್ತಿದ್ದುದರಿಂದ, ಗುರಿ ಬದಲಿಸಬೇಕಾದರೆ ಹಡಗನ್ನೇ ತಿರುಗಿಸಬೇಕಿತ್ತು. ಎದುರಾಳಿ ತೀರ ಹತ್ತಿರ ಬರುವವರೆಗೆ ಕಾದು ಹೊಡೆದರೆ ಮರಳಿ ಮದ್ದು ತುಂಬಲು ಸಮಯವೇ ಉಳಿಯುತ್ತಿರಲಿಲ್ಲ. ಆಮೇಲೆ ನಡೆಯುತ್ತಿದ್ದುದು ಹಲಗೆಯ ಮೇಲಿನ ಕೈಕೈ ಕಾಳಗ. ಅಲ್ಲಿ ತಲೆಯೆಣಿಕೆಯೇ ಬಲ.

ವೆನಿಸ್ಸಿನ ಹಳೆಯ ಪದ್ಧತಿಯಲ್ಲಿ ಮಣೆಯ ಮೂವರಿಗೂ ಬೇರೆ ಬೇರೆ ಹುಟ್ಟು. ಮೂರೂ ಒಂದಕ್ಕೊಂದು ತಾಗದಂತೆ ಬೀಸಲು ಪ್ರತಿಯೊಬ್ಬನಿಗೂ ಪಳಗಿದ ಕೈ ಬೇಕಿತ್ತು. ಇವರಲ್ಲಿ ಬಹುಪಾಲು ಕೂಲಿ ಪಡೆಯುವ ಸ್ವತಂತ್ರ ಜನ. ಹಡಗುಗಳು ತಾಗಿದೊಡನೆ ಹುಟ್ಟು ಬಿಟ್ಟು ಆಯುಧ ಹಿಡಿಯುತ್ತಿದ್ದರು. ಆದರೆ ನೌಕಾಪಡೆಗಳು ಬೆಳೆದು, ಕೂಲಿ ಏರಿ, ಇಂಥವರು ಸಿಗುವುದು ಕಷ್ಟವಾಯಿತು. ಶತಮಾನದ ನಡುವಿನ ಹೊತ್ತಿಗೆ ಮಣೆಗೆ ಒಂದೇ ಭಾರಿ ಹುಟ್ಟು, ಅದಕ್ಕೆ ಮೂವರಿಂದ ಐವರು ಎಂಬ ಕ್ರಮ ಹರಡಿತು. ಈ ಕ್ರಮದಲ್ಲಿ ಲಯ ಬಲ್ಲವನು ಒಬ್ಬನಿದ್ದರೆ ಸಾಕು, ಉಳಿದವರು ಎಳೆದರಾಯಿತು. ಹಾಗಾಗಿ ಅಪರಾಧಿಗಳನ್ನೂ ಸೆರೆಸಿಕ್ಕವರನ್ನೂ ಬೇಡಿ ಹಾಕಿ ಕೂರಿಸುವುದು ಸುಲಭವಾಯಿತು. ಬೇಡಿಯವನು ಅಗ್ಗ, ನಿಜ. ಆದರೆ ಅವನು ಕಾದಾಡುವುದಿಲ್ಲ, ಅವನನ್ನು ಕಾಯಲು ಇನ್ನೊಬ್ಬ ಬೇಕು. ಈ ಲೆಕ್ಕವನ್ನು ನಮ್ಮ ಪಠ್ಯಗಳು ಹೇಳುವುದೇ ಇಲ್ಲ.

1571ರ ಅಕ್ಟೋಬರ್ 7ರಂದು ಗ್ರೀಸಿನ ಕರಾವಳಿಯ ಲೆಪಾಂಟೋದಲ್ಲಿ ಸ್ಪೇನ್, ವೆನಿಸ್, ಪೋಪರ ಕ್ರೈಸ್ತ ಮೈತ್ರಿಕೂಟಕ್ಕೂ ಒಟ್ಟೊಮನ್ ತುರ್ಕರಿಗೂ ನಡೆದ ಕಾಳಗದಲ್ಲಿ ಎರಡೂ ಕಡೆ 200ಕ್ಕೂ ಮಿಕ್ಕಿ ಗ್ಯಾಲಿಗಳು ಎದುರಾದವು. ವೆನಿಸ್ಸಿನ ಹಡಗುಗಳಲ್ಲಿ ಸೈನಿಕರು ಸಾಲದೆ, ಸ್ಪೇನಿನ ಸಂಬಳದ ಸುಮಾರು 4,000 ಮಂದಿಯನ್ನು ಅವುಗಳಿಗೆ ಹಂಚಲಾಗಿತ್ತು. ಹೀಗೆ ಬಂದವರು ಒಂದು ಹಡಗಿನಲ್ಲಿ ಜಗಳ ತೆಗೆದಾಗ ವೆನಿಸ್ಸಿನ ದಂಡನಾಯಕ ಸೆಬಾಸ್ಟಿಯಾನೋ ವೆನಿಯರ್ ಕೆಲವರನ್ನು ಗಲ್ಲಿಗೇರಿಸಿದ. ಯುದ್ಧಕ್ಕೆ ಕೆಲವೇ ದಿನ ಮೊದಲು ಮೈತ್ರಿಕೂಟ ಮುರಿಯುವುದೊಂದು ಬಾಕಿಯಿತ್ತು. ಚೆನ್ನಾಗಿ ಕಾದಿದ ಅಪರಾಧಿಗಳಿಗೆ ಬಿಡುಗಡೆ ಎಂದು ಮೈತ್ರಿಕೂಟದ ಮಹಾದಂಡನಾಯಕ ಡಾನ್ ಜಾನ್ ಮಾತುಕೊಟ್ಟು, ಅವರ ಬೇಡಿ ಕಳಚಿಸಿದ. ಒಟ್ಟೊಮನ್ ಹಡಗುಗಳ ಅನೇಕ ಮಣೆಗಳಲ್ಲಿದ್ದವರು ಕ್ರೈಸ್ತ ಸೆರೆಯಾಳುಗಳು. ಅವರಿಗೆ ಆಯುಧ ಕೊಡುವಂತಿರಲಿಲ್ಲ. ಗೆಲುವಿನ ಕೀರ್ತಿಯೆಲ್ಲ ವೆನಿಸ್ಸಿನ ಆರು ತೋಪುಭರಿತ ಗ್ಯಾಲಿಯಾಸ್‌ಗಳ, ಅಂದರೆ ಗ್ಯಾಲಿಗಿಂತ ದೊಡ್ಡ ಹಡಗುಗಳ, ಪಾಲಾಗಿದೆ. ನನ್ನ ಮಟ್ಟಿಗೆ ಬೇಡಿಯ ಲೆಕ್ಕವೂ ಅಷ್ಟೇ ತೂಕದ್ದು.

ಒಟ್ಟೊಮನ್ನರು ಒಂದೇ ಚಳಿಗಾಲದಲ್ಲಿ ನೌಕಾಪಡೆಯನ್ನು ಮತ್ತೆ ಕಟ್ಟಿದರು. ಆದರೆ ಲೆಪಾಂಟೋದಲ್ಲಿ ಸತ್ತ ಬಿಲ್ಲುಗಾರರಿಗೆ ಬದಲಿ ಸಿಗಲಿಲ್ಲ. ಕೋವಿ ಹಿಡಿಯಲು ಕೆಲವು ವಾರಗಳ ಕಲಿಕೆ ಸಾಕಾದರೆ, ಪ್ರಾಣಿಗಳ ಕೊಂಬು, ನರಗಳಿಂದ ಮಾಡಿದ ಅವರ ಬಿಲ್ಲಿಗೆ ಎಳವೆಯಿಂದಲೇ ಅಭ್ಯಾಸ ಬೇಕಿತ್ತು. 1572ರಲ್ಲಿ ಹೊಸ ಹಡಗುಗಳನ್ನು ಮುನ್ನಡೆಸಿದವನು ಉಲೂಜ್ ಅಲಿ. ಇಟಲಿಯ ಕಲಾಬ್ರಿಯಾದಲ್ಲಿ ಹುಟ್ಟಿ, ಸೆರೆಸಿಕ್ಕಿ, ತಾನೇ ಗ್ಯಾಲಿಯ ಮಣೆಯಲ್ಲಿ ಹುಟ್ಟು ಎಳೆದಿದ್ದವನು. ಅವನು ಆ ವರ್ಷ ಗ್ರೀಸಿನ ಕರಾವಳಿಯ ಮೋಡೋನ್ ಕೋಟೆಯ ತೋಪುಗಳ ಆಸರೆ ಬಿಟ್ಟು ದೊಡ್ಡ ಕಾಳಗಕ್ಕೆ ಇಳಿಯಲಿಲ್ಲ.