ಲಾಯ್ಟನ್ 726-8: ಎರಡು ಕೆಂಪು ಕುಬ್ಜಗಳ ಲೆಕ್ಕ

ಒಂಟಿ ನಕ್ಷತ್ರದ ದ್ರವ್ಯರಾಶಿಯನ್ನು ನೇರವಾಗಿ ಅಳೆಯುವುದು ಬಹಳ ಕಷ್ಟ. ಬಣ್ಣ, ಬೆಳಕು ನೋಡಿ ಅಂದಾಜು ಮಾಡಬೇಕು. ಜೋಡಿ ಸಿಕ್ಕರೆ ಗುರುತ್ವವೇ ಉತ್ತರ ಕೊಡುತ್ತದೆ. ಇದನ್ನು ಕಲಿಯಲು ನನಗೆ ತುಂಬ ಇಷ್ಟವಾದ ಉದಾಹರಣೆ ಲಾಯ್ಟನ್ 726-8. ದೂರ ಬರೀ 8.7 ಜ್ಯೋತಿರ್ವರ್ಷ. 1948ರಲ್ಲಿ ಖಗೋಳ ವಿಜ್ಞಾನಿ ವಿಲೆಮ್ ಲಾಯ್ಟನ್ ಗುರುತಿಸಿದ್ದು. ಜೋಡಿಯಲ್ಲಿ ಒಂದು ಬಿಎಲ್ ಸೆಟಿ, ಇನ್ನೊಂದು ಯುವಿ ಸೆಟಿ. ಎರಡೂ ಕೆಂಪು ಕುಬ್ಜಗಳೇ, ಅಂದರೆ ಸೂರ್ಯನಿಗಿಂತ ತುಂಬ ಚಿಕ್ಕ, ಮಂದವಾದ ಕೆಂಪು ನಕ್ಷತ್ರಗಳು.

ಈಗ ಲೆಕ್ಕ. ಕೆಪ್ಲರನ ಮೂರನೇ ನಿಯಮ ಪಿಯುಸಿಯಲ್ಲಿ ಓದಿದ್ದೇವೆ, ಅಲ್ವಾ? ಕಕ್ಷೆಯ ಅಳತೆಯ ಘನವನ್ನು ಸುತ್ತುವ ಅವಧಿಯ ವರ್ಗದಿಂದ ಭಾಗಿಸಿದರೆ ಎರಡರ ಒಟ್ಟು ದ್ರವ್ಯರಾಶಿ ಸೂರ್ಯನ ಲೆಕ್ಕದಲ್ಲಿ ಸಿಗುತ್ತದೆ. ಕಕ್ಷೆಯ ಅರ್ಧ ದೀರ್ಘಾಕ್ಷವನ್ನು (ದೀರ್ಘವೃತ್ತದ ಉದ್ದದ ಅರ್ಧ) ಭೂಮಿ-ಸೂರ್ಯರ ದೂರದ ಅಳತೆಯಲ್ಲಿ ಬರೆಯಿರಿ: ಸುಮಾರು 5.5. ಒಂದು ಸುತ್ತಿಗೆ ಸುಮಾರು 26.5 ವರ್ಷ. 5.5ರ ಘನ 166. 26.5ರ ವರ್ಗ 702. ಭಾಗಿಸಿದರೆ 0.24. ಎರಡೂ ಸೇರಿ ಸೂರ್ಯನ ಕಾಲು ಭಾಗವೂ ಇಲ್ಲ! ತಾವು ಸುತ್ತುವ ಒಂದೇ ಕೇಂದ್ರದಿಂದ ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹಾಗಾಗಿ ದ್ರವ್ಯರಾಶಿಯೂ ಹೆಚ್ಚುಕಡಿಮೆ ಸಮ, ತಲಾ 0.12. ಇದು 0.08ಕ್ಕಿಂತ ಕೆಳಗಿದ್ದಿದ್ದರೆ ಒಳಗೆ ಹೈಡ್ರೋಜನ್ ಸಮ್ಮಿಲನ ನಿಲ್ಲದೆ ನಡೆಯುತ್ತಿರಲಿಲ್ಲ, ಅವು ನಕ್ಷತ್ರಗಳೇ ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕಕ್ಷೆ ತುಂಬ ಉದ್ದನೆಯ ದೀರ್ಘವೃತ್ತ. ನಡುವಿನ ದೂರ ಅದೇ ಅಳತೆಯಲ್ಲಿ ಸುಮಾರು 2ರಿಂದ 9ರವರೆಗೆ ಬದಲಾಗುತ್ತದೆ. ಯಾವುದೋ ಒಂದು ದಿನದ ದೂರವನ್ನು ಸುಮ್ನೆ ಸೂತ್ರಕ್ಕೆ ಹಾಕಿದರೆ ಉತ್ತರ ಪೂರ್ತಿ ತಪ್ಪುತ್ತದೆ.

ದ್ರವ್ಯರಾಶಿ ಗೊತ್ತಾದರೆ ಉಳಿದದ್ದೂ ಅರ್ಥವಾಗುತ್ತದೆ. ಇಷ್ಟು ಚಿಕ್ಕ ನಕ್ಷತ್ರದ ಒಳಗೆ ಅನಿಲ ನಡುವಿನಿಂದ ಮೇಲ್ಮೈವರೆಗೂ ಅನ್ನದ ಎಸರಿನಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಹೊಸ ಹೈಡ್ರೋಜನ್ ಮಧ್ಯಕ್ಕೆ ಬರುತ್ತಲೇ ಇರುವುದರಿಂದ ಆಯುಷ್ಯ ಲಕ್ಷ ಕೋಟಿ ವರ್ಷಗಳಿಗೂ ಜಾಸ್ತಿ. ಅದೇ ಚಲನೆ, ನಕ್ಷತ್ರದ ವೇಗದ ತಿರುಗುವಿಕೆ ಸೇರಿ ಬಲವಾದ ಕಾಂತಕ್ಷೇತ್ರ ಹುಟ್ಟುತ್ತದೆ. ಅದರ ಗಂಟು ಬಿಚ್ಚಿದಾಗ ಜ್ವಾಲೆ. 1952ರಲ್ಲಿ ಯುವಿ ಸೆಟಿ ಕೇವಲ 20 ಸೆಕೆಂಡಿನಲ್ಲಿ 75 ಪಟ್ಟು ಬೆಳಗಿತು! ಇಂಥ ನಕ್ಷತ್ರಗಳ ಗುಂಪಿಗೆ ಇದರದೇ ಹೆಸರು.

ಮಲೆನಾಡಿನಿಂದ ಹುಡುಕುವವರಿಗೆ: ಮಳೆಗಾಲ ಪೂರ್ತಿ ಮುಗಿಯಲಿ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ಸುಮಾರು 60 ಡಿಗ್ರಿ ಎತ್ತರದಲ್ಲಿ ನೋಡಿ. ಅಡಿಕೆ ಸುಲಿಯುವ ಕಾಲ, ಮನೆಯಂಗಳದಲ್ಲಿ ರಾತ್ರಿಯೂ ಲೈಟ್ ಇರುತ್ತದೆ. ತೋಟ, ಮರಗಳಿಂದ ಆಚೆ ಬಯಲಿಗೆ ಹೋಗಿ. ತಿಮಿಂಗಿಲ ನಕ್ಷತ್ರಪುಂಜದ ಟಾವ್ ಸೆಟಿ ಬರಿಗಣ್ಣಿಗೇ ಸಿಗುತ್ತದೆ. ನಮ್ಮ ಜೋಡಿ ಅದಕ್ಕಿಂತ ಎರಡು ಡಿಗ್ರಿ ಚಿಲ್ಲರೆ ಕೆಳಗಿದೆ. ಟಾವ್ ಸೆಟಿ 11.9 ಜ್ಯೋತಿರ್ವರ್ಷ ದೂರವಿದ್ದರೂ ಕಾಣುತ್ತದೆ, ಹತ್ತಿರದ ಇವು ಕಾಣುವುದಿಲ್ಲ. ಒಂದೊಂದರ ಕಣ್ಣಿಗೆ ಕಾಣುವ ಬೆಳಕು ಸೂರ್ಯನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಎಂಟು ಇಂಚಿನ ಟೆಲಿಸ್ಕೋಪ್, ಒಳ್ಳೆಯ ನಕ್ಷೆ ಎರಡೂ ಬೇಕು.